ಸವಡಿಗೆ ಹೋದ ಸಮುದ್ರದ ಚಿತ್ರ

ರೋಣದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಕಳೆದ ವರ್ಷ ಒಂಬತ್ತನೆಯ ತರಗತಿಯವರಿಗೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಚಿತ್ರಗಳನ್ನು ತೋರಿಸಬೇಕೆನಿಸಿತು. ರೈಲು ಬಂದಮೇಲೆ ಅಲ್ಲಿಯ ಪಟ್ಟಣದ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ಸಮುದ್ರದ ದಂಡೆಗೆ ಹೋಗತೊಡಗಿದ್ದವು. ಅದನ್ನೇ ಕಲಾವಿದರು ಮತ್ತೆ ಮತ್ತೆ ಬರೆದರು. ನಮ್ಮ ಹುಡುಗಿಯರಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಗದಗಿನಲ್ಲಿ ಬಣ್ಣದ ಪ್ರಿಂಟ್ ತೆಗೆಸಿ ತಂದು ಗೋಡೆಗೆ ಅಂಟಿಸಿದೆ.

ಒಂದು ಚಿತ್ರದಲ್ಲಿ ದಂಡೆಯ ತುಂಬ ಜನ. ನೆಲ ಗುಡಿಸುವಂಥ ಲಂಗ ತೊಟ್ಟ ಹೆಂಗಸರು ಕೊಡೆ ಹಿಡಿದು ಕೂತಿದ್ದಾರೆ. ಗಂಡಸೊಬ್ಬ ಪೇಪರ್ ಓದುತ್ತಿದ್ದಾನೆ. ಮುಂದೆ, ಒಂದು ಚಿಕ್ಕ ಮಗು ಅಂಗಿ ಎತ್ತಿ ಹಿಡಿದು ನೀರಿಗೆ ಕಾಲಿಟ್ಟಿದೆ.

"ಇಷ್ಟ ಬಟ್ಟಿ ಹಾಕ್ಕೊಂಡು ನೀರಾಗ ಹ್ಯಾಂಗ ಆಡ್ತಾರ್ರಿ ಅಕ್ಕೋರ?" ಎಂದು ಹುಡುಗಿಯರು ನಕ್ಕರು.

ಸವಡಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಗೋಡೆಯ ಹತ್ತಿರ ಹೋಗಿ ನಿಂತಳು.

"ಅಕ್ಕೋರ, ಆ ಕೂಸನ್ನ ಯಾರೂ ನೋಡವಲ್ಲರಲ್ರಿ."

"ದೊಡ್ಡವರು ಅಲ್ಲೇ ಅದಾರಲ್ಲ," ಎಂದೆ.

"ಅದಾರ್ರಿ. ಆದ್ರ ಯಾರೂ ನೋಡವಲ್ಲರು."

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಅವಳ ಗೆಳತಿಯನ್ನು ಕೇಳಿದಾಗ ಗೊತ್ತಾಯಿತು: ಹಿಂದಿನ ಬೇಸಿಗೆಯಲ್ಲಿ ಅವಳ ಪುಟ್ಟ ತಮ್ಮ ಹೊಲದ ಕೃಷಿಹೊಂಡಕ್ಕೆ ಜಾರಿ ಬಿದ್ದು ತೀರಿಕೊಂಡಿದ್ದ. ಅವನನ್ನು ನೋಡಿಕೊಳ್ಳುತ್ತಿದ್ದವಳು ಇವಳೇ.

ರವಿವಾರ ಸವಡಿಗೆ ಹೋದೆ. ತಾಯಿ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಹುಡುಗಿ ಒಳಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದೆ.

"ಆ ಚಿತ್ರ ಐತೇನ್ರಿ?" ಎಂದರು ತಾಯಿ.

ಮೊಬೈಲಿನಲ್ಲಿ ತೆಗೆದುಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದು ಬಹಳ ಹೊತ್ತು ನೋಡಿದರು.

"ಈ ಕೂಸಿಗೆ ಆಮ್ಯಾಲ ಏನಾತ್ರಿ?"

"ಏನೂ ಆಗಿಲ್ರಿ. ಆಡಿ ಮನಿಗೆ ಹೋಗಿರ್ತೈತಿ," ಎಂದೆ. ನನಗೇನು ಗೊತ್ತಿತ್ತು!

ಅವರು ಮಗಳನ್ನು ಕೂಗಿದರು. ಅವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅವತ್ತ ಬುತ್ತಿ ಬಿಚ್ಚಾಕ ನಿನ್ನ ಕರದಾಕಿ ಯಾರು? ನಾನ ಅಲ್ಲೇನು? ನಾ ಕರದಿದ್ದಕ್ಕ ನೀ ಅವನ್ನ ಬಿಟ್ಟು ಬಂದಿ."

"ಮಂದಿ ನನಗ ಅಂತಾರಲ್ಲ ಯವ್ವಾ," ಎಂದಳು ಹುಡುಗಿ.

"ಅನ್ನಲಿ. ಕರದಾಕಿ ನಾನು. ಇಷ್ಟ ದಿನ ಈ ಮಾತ ನನ್ನ ಬಾಯಾಗ ಬರಲಿಲ್ಲ."

ಹುಡುಗಿ ಕುಸಿದು ಕೂತು ಅಳತೊಡಗಿದಳು. ತಾಯಿ ಮೊರ ಬದಿಗೆ ಸರಿಸಿ ಅವಳನ್ನು ಎದೆಗೆ ಎಳೆದುಕೊಂಡರು. ನಾನು ತಲೆ ತಗ್ಗಿಸಿ ಮೊರದಲ್ಲಿದ್ದ ಕಡಲೆ ಹಸನು ಮಾಡುತ್ತ ಕೂತೆ.

ಮುಂದಿನ ವಾರ ಅವಳು ಶಾಲೆಗೆ ಬಂದಳು. ಗೋಡೆಯಿಂದ ಆ ಚಿತ್ರ ತೆಗೆಯಲೇ ಎಂದು ಕೇಳಿದೆ. "ಇರ್ಲಿ ಬಿಡ್ರಿ," ಎಂದಳು, ಆದರೆ ಅದಕ್ಕೆ ಬೆನ್ನು ಮಾಡಿ ಕೂರುವ ಜಾಗ ಆರಿಸಿಕೊಂಡಳು.

ಈಗ ಅವಳು ಹತ್ತನೆಯ ತರಗತಿ. ಕೈ ಚಲೋ ಇದೆ. ಜೋಳದ ಹೊಲ, ಎತ್ತು, ಬಸ್ ಸ್ಟ್ಯಾಂಡು ಎಲ್ಲ ಬರೆಯುತ್ತಾಳೆ. ಕೆರೆಯೋ ಹಳ್ಳವೋ ಬಂದಲ್ಲಿ ಮಾತ್ರ ಬಣ್ಣ ಹಚ್ಚದೆ ಕಾಗದವನ್ನು ಬೆಳ್ಳಗೇ ಬಿಡುತ್ತಾಳೆ. ನಾನು ಒತ್ತಾಯ ಮಾಡುವುದಿಲ್ಲ.