ಬಾವಿಯಲ್ಲಿ ಕಲಿತ ಈಜು

ಕೆರೆಯ ನಡುವೆ ಕಾಲಿಗೆ ಸೆಳೆತ ಹಿಡಿಯಬಹುದಿತ್ತು. ನೀರುಹಾವು ಹೆಗಲಿಗೆ ಸುತ್ತಿಕೊಳ್ಳಬಹುದಿತ್ತು. ನನ್ನ ಹೃದಯ, ಇನ್ನು ಸರ್ವೀಸು ಸಾಕೆಂದು ಅಲ್ಲೇ ರಾಜೀನಾಮೆ ಕೊಡಬಹುದಿತ್ತು. ನೀರಿನಿಂದ ಪಾರಾದರೆ ಹುಮನಾಬಾದ್ ರಸ್ತೆಯ ಲಾರಿಗಳು. ಲಾರಿಗಳಿಂದ ಪಾರಾದರೆ ಪಂಕ್ಚರ್. ಅದೂ ಆಗದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುವುದು. ಆಮೇಲೆ ಓಟ. ಬಿಸಿಲಿಗೆ ತಲೆಸುತ್ತು, ಶಹಾಬಜಾರದ ನಾಯಿಗಳು, ಎಲ್ಲಕ್ಕಿಂತ ಭಯಂಕರವೆಂದರೆ ಗಣಿತದ ಮಾಸ್ತರನಾದ ನಾನು ಚಡ್ಡಿಯಲ್ಲಿ ಓಡುವುದನ್ನು ನೋಡಲಿರುವ ವಿದ್ಯಾರ್ಥಿಗಳ ತಾಯಂದಿರು. ಇದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಹೆಂಡತಿ ಓದಿ, "ಭೂಕಂಪ ಬಿಟ್ಟೀರಿ" ಎಂದಳು. ಅದನ್ನೂ ಸೇರಿಸಿದೆ.

ಒಂದೂ ಆಗಲಿಲ್ಲ. ಅಂದು ಹನ್ನೊಂದರ ಸುಮಾರಿಗೆ ನನ್ನ ಕಾಲ ಮೇಲೆಯೇ ಕಲಬುರಗಿ ಕೋಟೆಯ ಬಾಗಿಲು ಮುಟ್ಟಿದೆ. ಆದದ್ದು ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಸಂಗತಿ, ಅದೂ ಬೆಳಗ್ಗೆಯೇ, ನೀರಿನಲ್ಲಿ.

ತೊಂಬತ್ತರ ದಶಕದ ಕೊನೆ. ನನಗೆ ನಲವತ್ತಾರು. ಸೇಡಂ ರಸ್ತೆಯ ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಕಿಂಗ್‌ಗೆ ಜೊತೆಯಾಗುತ್ತಿದ್ದ ಔಷಧ ಅಂಗಡಿಯ ಗೆಳೆಯ ಯಾವುದೋ ಪತ್ರಿಕೆ ಓದಿ ಬಂದಿದ್ದ. ಮೊದಲು ಈಜಿ, ಮೈ ಒರೆಸದೆ ಸೈಕಲ್ ಹತ್ತಿ, ಇಳಿದ ಕೂಡಲೇ ಓಡುವ ಪಂದ್ಯ ಒಂದಿದೆಯಂತೆ. ನಮ್ಮ ವಯಸ್ಸಿನವರೂ ಮಾಡುತ್ತಾರಂತೆ. ಸೈಕಲ್ ನನಗೆ ಬರುತ್ತಿತ್ತು. ಓಟ, ಹಾಗೂ ಹೀಗೂ. ನೀರು ಮಾತ್ರ ಬೇರೆ ವಿಷಯ. ಹತ್ತು ವರ್ಷದವನಿದ್ದಾಗ ಬಾವಿಗೆ ಬಿದ್ದು, ಜುಟ್ಟು ಹಿಡಿದು ಎಳೆಸಿಕೊಂಡವನು ನಾನು. ಅಂದಿನಿಂದ ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಒಂದು ಕೈ ಗೋಡೆಗೆ ಆನಿಸಿರುತ್ತಿದ್ದೆ. ಬದುಕಿರುವಾಗ ಒಮ್ಮೆಯಾದರೂ ಕಾಲಿಗೆ ನೆಲ ಸಿಗದ ನೀರನ್ನು ದಾಟಬೇಕು ಎಂಬ ಒಂದೇ ಆಸೆಗೆ ಹೂಂ ಎಂದೆ. ಮಿಕ್ಕ ಎರಡು ಅದಕ್ಕೆ ಕೊಟ್ಟ ನೆಪ.

ಕಮಲಾಪುರದಲ್ಲಿ ಗೆಳೆಯನಿಗೆ ಪರಿಚಯದ ಒಬ್ಬ ರೈತರಿದ್ದರು. ಅರವತ್ತು ದಾಟಿದವರು. ಕೆಂಪು ಬಾಳೆಯ ತೋಟ, ತೋಟದ ನಡುವೆ ಕಲ್ಲು ಕಟ್ಟಿದ ದುಂಡನೆಯ ಬಾವಿ. ಭಾನುವಾರ ಮೊದಲ ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಪಾಠ ಮುಗಿಸಿ ತುಳಿದುಕೊಂಡು ಕಲಬುರಗಿಗೆ ಮರಳುತ್ತಿದ್ದೆ. ಕರೆಂಟ್ ಬರುವುದರೊಳಗೆ ಪಾಠ ಮುಗಿಯಬೇಕಿತ್ತು. ಬಂತೆಂದರೆ ಮೋಟರು ನೀರನ್ನು ತೋಟಕ್ಕೆ ಎಳೆದುಬಿಡುತ್ತಿತ್ತು.

ಮೊದಲ ದಿನ ಅವರು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಮೋಟರು ಪೈಪಿನ ಬುಡಕ್ಕೆ ಕಸ ಸಿಕ್ಕಿದೆ ಎಂದು ಹೇಳಿ, ಧೋತರ ಬಿಗಿದು ಮುಳುಗಿದರು. ನೀರು ಮೇಲೆ ಮುಚ್ಚಿಕೊಂಡಿತು. ಎಣಿಸತೊಡಗಿದೆ. ಅರವತ್ತಕ್ಕೆ ನನ್ನ ಉಸಿರು ಕಟ್ಟಿತು. ತೊಂಬತ್ತಕ್ಕೆ ಪೊಲೀಸರಿಗೆ ಏನು ಹೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ. ಆಗ ಮೇಲೆ ಬಂದರು, ಕೈಯಲ್ಲಿ ಕೊಳೆತ ಎಲೆಯ ಮುದ್ದೆ. ಏದುಸಿರಿಲ್ಲ, ಗಡಿಬಿಡಿಯಿಲ್ಲ, ಒಳಗಿನ ಕೋಣೆಗೆ ಹೋಗಿ ಬಂದವರ ಹಾಗೆ ಮುಖ. ಅಷ್ಟು ಕತ್ತಲ ನೀರು ಒಬ್ಬ ಮನುಷ್ಯನಿಗೆ ಮನೆಯಾಗಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ. ನಮಸ್ಕಾರ ಮಾಡಬೇಕೆನಿಸಿತು. ಮಾಡಲಿಲ್ಲ, ಕೈಗಳು ಮೆಟ್ಟಿಲನ್ನು ಹಿಡಿದಿದ್ದವು.

ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಕೈಕಾಲು ಬಡಿಯಲು ಕಲಿಸಿದರು. ಏಳನೆಯ ಭಾನುವಾರ ಡಬ್ಬಿ ಬಿಚ್ಚಿ, ಅಂಗಾತ ಮಲಗಿ ಎಂದರು. ಬೆನ್ನಿನ ಕೆಳಗೆ ಅವರ ಅಂಗೈ ಇತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ಇರಲಿಲ್ಲ. ಎಂಬತ್ತೆರಡು ಕಿಲೋ ಚಿಂತೆಯನ್ನು ನೀರು ಸುಮ್ಮನೆ ಹಿಡಿದುಕೊಂಡಿತ್ತು. ಮೇಲೆ ಬಾವಿಯಷ್ಟೇ ದುಂಡನೆಯ ಆಕಾಶ, ಅಂಚಿಗೆ ಬಾಳೆ ಎಲೆ. ಕಿವಿಯೊಳಗೆ ನನ್ನದೇ ಎದೆಬಡಿತ, ದೂರದಲ್ಲಿ ಯಾರೋ ನಿಧಾನವಾಗಿ ಏನನ್ನೋ ಕುಟ್ಟುತ್ತಿರುವಂತೆ. ಅಳು ಬಂತು. ನೀರಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಆ ಅನುಕೂಲ ಒಂದುಂಟು.

ಅವರದು ಒಂದೇ ನಿಯಮ: ಬಾವಿಯನ್ನು ಬಲಕ್ಕೇ ಸುತ್ತಬೇಕು. "ಗಂಗವ್ವ ನಡುವ ಕುಂತಾಳರೀ ಸರ. ಗುಡಿ ಸುತ್ತಿದಂಗ ಸುತ್ತರಿ." ಸುತ್ತಿದೆ. ಇಪ್ಪತ್ತು, ನಲವತ್ತು, ಕೊನೆಗೆ ಅರವತ್ತು ಸುತ್ತು, ಎಲ್ಲವೂ ಕಣ್ಣು ಮುಚ್ಚಿಕೊಂಡು. ತೆರೆದರೆ ಆಳ ಕಾಣುತ್ತಿತ್ತು.

ಚಳಿ ಮುಗಿದ ಮೇಲೆ ನಾವಿಬ್ಬರೇ ಒಂದು ಪಂದ್ಯ ಗೊತ್ತುಮಾಡಿಕೊಂಡೆವು. ಕಮಲಾಪುರದ ಹೊರಗಿನ ಕೆರೆಯನ್ನು ಈಜಿ ದಾಟುವುದು, ಅಲ್ಲಿಂದ ಸೈಕಲ್ಲಿನಲ್ಲಿ ಸೇಡಂ ರಸ್ತೆ, ಮನೆಯಿಂದ ಕೋಟೆಗೆ ಓಟ. ಸೈಕಲ್ಲುಗಳನ್ನು ಎದುರು ದಡದಲ್ಲಿ ನಿಲ್ಲಿಸಿದ್ದೆವು. ಗೆಳೆಯ ಮೊದಲು ಹೋದ, ದಾಟಿದ. ಈ ದಡದಲ್ಲಿ ತೋಟದ ಯಜಮಾನರು ಲಾರಿ ಟ್ಯೂಬಿನ ಮೇಲೆ ಕುಳಿತರು. ನಾನು ಕೈ ಎತ್ತಿದರೆ ಬಂದು ಎಳೆದುಕೊಳ್ಳುವರೆಂದು ಮಾತಾಗಿತ್ತು. ಎತ್ತಬಾರದು, ನನ್ನ ಪಂದ್ಯವೆಲ್ಲ ಇಷ್ಟೇ.

ಇಳಿದೆ. ನಾಲ್ಕು ಹೆಜ್ಜೆಗೆ ನೆಲ ಹೋಯಿತು. ಕಣ್ಣು ಮುಚ್ಚಿದೆ. ಬಾವಿಯ ನೀರು ನನ್ನ ಸದ್ದನ್ನು ನನಗೇ ಹಿಂದಿರುಗಿಸುತ್ತಿತ್ತು. ಈ ನೀರು ಏನನ್ನೂ ಹಿಂದಿರುಗಿಸಲಿಲ್ಲ, ಎಲ್ಲ ಕಡೆಗೂ ಹರಡಿಕೊಂಡಿತ್ತು. ಹಿಡಿಯಲು ಎಲ್ಲೂ ಗೋಡೆಯಿಲ್ಲವೆಂದು ಹೊಳೆಯಿತು. ಆದರೂ ಕೈ ಒಂದರ ಹಿಂದೊಂದು ಹೋಗುತ್ತಲೇ ಇತ್ತು. ಯಾರ ಕೈಗಳಿವು ಎಂದು ಬೆರಗಾದೆ. ಮುನ್ನೂರು ಬೀಸಿನ ನಂತರ ಎಣಿಸುವುದನ್ನೇ ಮರೆತೆ. ಹೆದರುವುದನ್ನೂ ಮರೆತಿದ್ದೇನೆ ಎಂದು ತಿಳಿದದ್ದು ಬೆರಳಿಗೆ ಕೆಸರು ತಾಗಿದಾಗ.

ಎದ್ದು ನಿಂತೆ. ಕಣ್ಣು ತೆರೆದೆ. ಎದುರಿಗೆ ಲಾರಿ ಟ್ಯೂಬು, ಅದರ ಮೇಲೆ ಯಜಮಾನರು, ಪಕ್ಕದಲ್ಲಿ ಮಡಚಿಟ್ಟ ನನ್ನ ಪ್ಯಾಂಟು. ಬಲಕ್ಕೆ ಬಾಗುತ್ತ ಬಾಗುತ್ತ, ನಟ್ಟನಡು ನೀರಿನಲ್ಲಿ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ, ಹೊರಟ ದಡಕ್ಕೇ ಬಂದಿದ್ದೆ. ಆಚೆ ದಡದಲ್ಲಿ ಗೆಳೆಯ ಎರಡು ಸೈಕಲ್ ಹಿಡಿದು ನಿಂತಿದ್ದ, ಕಡಲೆಕಾಳಿನಷ್ಟು ಚಿಕ್ಕದಾಗಿ.

ಕೂಗಬಾರದಿತ್ತೇ ಎಂದು ಕೇಳಿದೆ. ಚೆಂದ ಈಜುತ್ತಿದ್ದಿರಿ, ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೆ ಎಂದರು. ಆಮೇಲೆ ನನ್ನ ಪ್ಯಾಂಟಿನ ಕಡೆ ನೋಡಿ, "ಏನರ ಮರತು ಹೊಳ್ಳಿ ಬಂದ್ರೇನ್ರೀ ಸರ?" ಎಂದರು.

ಇಲ್ಲವೆಂದೆ. ಈ ಸಲ ಕಣ್ಣು ತೆರೆದುಕೊಂಡು ನೀರಿಗಿಳಿದೆ.