ಚೌಕಾಸಿ ಮಾಡದವಳು

ಶಿರಸಿ ಪೇಟೆಯಲ್ಲಿ ಅಡಿಕೆ ಖರೀದಿ ಮಾಡುವ ಉಮ್ಮಚಗಿಯ ಸೀತಾರಾಮ ಹೆಗಡೆಯವರು ತಮ್ಮ ನೆರಳನ್ನೂ ನಂಬುವವರಲ್ಲ. ಚೀಲ ಬಂದರೆ ಮೇಲಿನ ಅಡಿಕೆಯತ್ತ ತಿರುಗಿಯೂ ನೋಡರು. ಮೊಣಕೈವರೆಗೆ ತೋಳು ಇಳಿಸಿ ತಳದಿಂದ ಒಂದು ಮುಷ್ಟಿ ಎತ್ತುತ್ತಾರೆ. ಮೇಲೆ ಬಿಸಿಲಲ್ಲಿ ಒಣಗಿಸಿದ ಒಳ್ಳೆಯ ಬಿಳಿ ಚಾಲಿ ಅಡಿಕೆ, ಅಡಿಯಲ್ಲಿ ಹುಳುಕು ತುಂಬುವ ವಿದ್ಯೆ ಯಾರಿಗೆ ಗೊತ್ತಿಲ್ಲ? ಬೀಗರ ಚೀಲಕ್ಕೂ ಇದೇ ಮರ್ಯಾದೆ. ಹೇಳಿದ ದರಕ್ಕೆ ಚೌಕಾಸಿ ಮಾಡದೆ "ಅಡ್ಡಿಲ್ಲೆ" ಎಂದು ಒಪ್ಪಿದವನ ಚೀಲವನ್ನಂತೂ ಪೂರ್ತಿ ನೆಲಕ್ಕೆ ಸುರಿಸಿಯೇ ನೋಡಬೇಕು.

ಮಗಳು ಅಭಿಜ್ಞಾ, ಮನೆಯವರ ಬಾಯಲ್ಲಿ 'ತಂಗಿ', ಪಿಯುಸಿ ಮುಗಿಸಿದಳು. ಅವಳಿಗೆ ಗಣಿತದ ಹುಚ್ಚು.

"ಗಣಿತ ಕಲ್ತು ಎಂತ ಮಾಡ್ತೆ ತಂಗೀ? ನರ್ಸಿಂಗ್ ಮಾಡು. ಎಲ್ಲೋದ್ರೂ ಕೆಲ್ಸ ಇದ್ದು" ಎಂದರು ಹೆಗಡೆಯವರು.

"ಅಡ್ಡಿಲ್ಲೆ ಅಪ್ಪಯ್ಯ" ಎಂದಳು ಅವಳು.

ಹುಬ್ಬಳ್ಳಿಯ ನರ್ಸಿಂಗ್ ಕಾಲೇಜೊಂದರಿಂದ ಶಶಾಂಕ ಎಂಬವನು ಬಣ್ಣದ ಪುಸ್ತಿಕೆ ಹಿಡಿದು ಬಂದ. ಅದರಲ್ಲಿ ಕೆಲಸ ಸಿಕ್ಕ ಹುಡುಗಿಯರ ನಗುಮುಖಗಳೇ ತುಂಬಿದ್ದವು.

"ನೂರಕ್ಕ ನೂರು ಕೆಲಸ ಗ್ಯಾರಂಟಿ ರೀ."

"ಇದು ಮೇಲಿನ ಅಡಿಕೆ ಮಾರಾಯ. ಫೋಟೋದಲ್ಲಿ ಇಲ್ದೇ ಇದ್ದವ್ರು ಎಲ್ಲಿದ್ದಾರೆ, ಅದು ಹೇಳು."

ಅವನು ಪುಸ್ತಿಕೆಯ ಇನ್ನೊಂದು ಪುಟ ತಿರುಗಿಸಿದ. ಹೆಗಡೆಯವರು ತಾವೇ ಹುಬ್ಬಳ್ಳಿ ಬಸ್ಸು ಹತ್ತಿದರು. ಹಾಸ್ಟೆಲಿನ ಸಾರು ಕುಡಿದರು, ಓದು ಮುಗಿಸಿದವರನ್ನು ಹುಡುಕಿ ವಿಚಾರಿಸಿದರು. ಕಾಲೇಜಿನ ಆಸ್ಪತ್ರೆಯಲ್ಲಿ ಮಲಗಿದವರು ನಿಜವಾದ ರೋಗಿಗಳೋ, ಸರ್ಕಾರಿ ತಪಾಸಣೆಯವರಿಗೆ ತೋರಿಸಲು ದುಡ್ಡು ಕೊಟ್ಟು ಕರೆತಂದವರೋ? ಒಬ್ಬ ಅಜ್ಜನ ಪ್ಲಾಸ್ಟರ್ ತಟ್ಟಿಯೇ ನೋಡಿದರು. ಅಜ್ಜ ಬೊಬ್ಬೆ ಹೊಡೆದ ಮೇಲೆ ಸಮಾಧಾನವಾಯಿತು. ಕಾಲೇಜು ಒಳ್ಳೆಯದೇ ಇತ್ತು.

ಸೇರಿಸುವ ದಿನ ಮೇಜಿನಾಚೆಯ ಮೇಡಂ ಅಭಿಜ್ಞಾಳನ್ನು ಕೇಳಿದರು: "ಹಾಸ್ಟೆಲಿನ್ಯಾಗ ಇರ್ತೀಯೇನವಾ?"

"ಅಡ್ಡಿಲ್ಲೆ."

"ರಾತ್ರಿಪಾಳಿ ಇರತಾವು."

"ಅಡ್ಡಿಲ್ಲೆ."

ಹೆಗಡೆಯವರು ತಟ್ಟನೆ ಮಗಳತ್ತ ತಿರುಗಿದರು. ಊರೆಲ್ಲರ ಚೀಲಕ್ಕೆ ಕೈಹಾಕಿದ್ದ ಮನುಷ್ಯ ಮನೆಯ ಈ ಚೀಲದ ತಳ ಮಾತ್ರ ನೋಡಿರಲಿಲ್ಲ. ಅವರಿಗೆ ಹೆದರಿಕೆಯಾಗಿತ್ತು.

"ತಂಗೀ, ನೀನು ಒಂದ್ಸಲನೂ ಚೌಕಾಸಿ ಮಾಡಿದ್ದೇ ಇಲ್ಲೆ. ತಳದಲ್ಲಿ ಎಂತ ಇದ್ದು?"

ಅವಳ ಕಣ್ಣು ತುಂಬಿತು. "ಗಣಿತ" ಎಂದಳು.

ಹೆಗಡೆಯವರು ಮೇಡಂಗೆ ಕೈಮುಗಿದು, ಮಗಳ ಅರ್ಜಿ ವಾಪಸ್ ಪಡೆದು ಎದ್ದರು. ಊರಿಗೆ ಮರಳಲು ಯಲ್ಲಾಪುರದ ಬಸ್ಸಿನಲ್ಲಿ ಕೂತಿದ್ದೇ, ಗಣಿತ ಕಲಿತವರು ಎಲ್ಲೆಲ್ಲಿ ಏನೇನು ಮಾಡುತ್ತಿದ್ದಾರೆಂದು ಅವರ ವಿಚಾರಣೆ ಶುರುವಾಯಿತು. ಕಲಘಟಗಿ ದಾಟುವವರೆಗೂ ಅಭಿಜ್ಞಾ ಅಪ್ಪನ ಒಂದು ಮಾತನ್ನೂ ಚೌಕಾಸಿ ಇಲ್ಲದೆ ಬಿಡಲಿಲ್ಲ.