ಬೇಬಿ ಆಂಟಿ ಬಿಟ್ಟು ಬಂದ ಮಕ್ಕಳು

ಅಮೆರಿಕದ ಎಲಿಕಾಟ್ ಸಿಟಿಯ ಆ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದ ಮೊದಲ ವಾರವಿಡೀ ಪವನ ತುದಿಗಾಲಲ್ಲೇ ಓಡಾಡಿದ. ಸಾವಾದ ಮನೆಯಲ್ಲಿ ದಡಬಡ ಮಾಡಬಾರದು ಎನ್ನುವಷ್ಟು ತಿಳಿವಳಿಕೆ ಅವನಿಗಿತ್ತು. ಅದಕ್ಕಿಂತ ಹೆಚ್ಚಿಗೆ ಇರಲಿಲ್ಲ.

ಫ್ರಿಜ್ಜಿನ ಬಾಗಿಲ ಮೇಲೆ ಅಕ್ಕ ತಮ್ಮನಂಥ ಎರಡು ಮಕ್ಕಳ ಫೋಟೊ. ಮಹಡಿಯ ಕೋಣೆಯಲ್ಲಿ ಯಾರೂ ಮಲಗದ ಮೇಲೊಂದು ಕೆಳಗೊಂದು ಮಂಚ, ಬಚ್ಚಲಲ್ಲಿ ನೀರು ತಾಗದ ಎರಡು ಪುಟ್ಟ ಟೂತ್‌ಬ್ರಷ್. ಊಟಕ್ಕೆ ಮೊದಲು ಮನೆಯ ಯಜಮಾನ ಜಯಕರ ಅಂಕಲ್ ಕಣ್ಣು ಮುಚ್ಚಿ, "ಕರ್ತನೇ, ನಮ್ಮ ಸೆಲಾಮ್, ನಮ್ಮ ಯೋನಾಸ್ ನಿನ್ನ ಕೈಯಲ್ಲಿದ್ದಾರೆ" ಅನ್ನುತ್ತಿದ್ದರು. ಇನ್ನೇನು ಬೇಕು? ಹುಡುಗನ ಮೂಗು ಥೇಟ್ ಅಂಕಲ್‌ದೇ ಎಂದೂ ಪವನ ತೀರ್ಮಾನಿಸಿಬಿಟ್ಟ. ಶನಿವಾರ ಅಂಕಲ್‌ರ ಹೆಂಡತಿ ಬೇಬಿ ಆಂಟಿ ನೀರುದೋಸೆ ಹುಯ್ಯುತ್ತಿದ್ದಾಗ ದನಿ ತಗ್ಗಿಸಿ ಕೇಳಿದ.

"ಆಂಟಿ, ಹೇಗಾಯ್ತು? ಆಕ್ಸಿಡೆಂಟಾ?"

"ಯಾವುದು?"

"ಮಕ್ಕಳು..."

ಆಂಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೌಟು ಕೆಳಗಿಟ್ಟು, ಕಾವಲಿಯ ಮೇಲಿದ್ದ ದೋಸೆ ಸೀದುಹೋಗುವವರೆಗೂ ನಕ್ಕರು. "ಸತ್ತಿಲ್ಲ ಮಾರಾಯ! ಇನ್ನೂ ಬಂದಿಲ್ಲ!"

ಮಕ್ಕಳು ಇಥಿಯೋಪಿಯದಲ್ಲಿದ್ದರು. ಉಡುಪಿ ಕಡೆಯ ಈ ಪ್ರಾಟೆಸ್ಟೆಂಟ್ ದಂಪತಿಗೆ ಮಕ್ಕಳಾಗಿರಲಿಲ್ಲ. ದತ್ತು ತಗೊಳ್ಳಲು ಅರ್ಜಿ ಹಾಕಿ ವರ್ಷಗಳೇ ಕಳೆದಿದ್ದವು. ಅಪ್ಪ ತೀರಿಹೋಗಿದ್ದ, ಅಮ್ಮ ಒಪ್ಪಿಗೆ ಕೊಟ್ಟಿದ್ದ ಅಕ್ಕ ತಮ್ಮ ಇವರ ಪಾಲಿಗೆ ನಿಗದಿಯಾಗಿದ್ದರು. ಇನ್ನು ಅಲ್ಲಿನ ಕೋರ್ಟಿನ ಕರೆಯೊಂದು ಬರಬೇಕಿತ್ತು.

ಮನೆಯಲ್ಲಿರುವ ದೊಡ್ಡವರೆಲ್ಲರ ಬೆರಳಚ್ಚು ಬೇಕೆಂದು ದತ್ತು ಏಜೆನ್ಸಿ ಹೇಳಿದ್ದರಿಂದ ಪವನನೂ ಹೋಗಿ ಹತ್ತೂ ಬೆರಳು ಒತ್ತಿ ಬಂದ. ಹುಬ್ಬಳ್ಳಿಯಿಂದ ಬಂದು, ಸಿವಿಲ್ ಇಂಜಿನಿಯರಿಂಗಿನಲ್ಲಿ ಎಂ.ಎಸ್. ಮಾಡಿ, ಈಗ ರಸ್ತೆಬದಿಯ ಚರಂಡಿಗೆ ಇಳಿದು ಅಳತೆ ಹಿಡಿಯುವ ಕೆಲಸದಲ್ಲಿದ್ದ ಅವನಿಗೆ ಅಮೆರಿಕದಲ್ಲಿ ಒಬ್ಬರಾದರೂ ತನ್ನ ಗುಣನಡತೆ ವಿಚಾರಿಸಿದರಲ್ಲ ಎಂದು ಒಳಗೊಳಗೇ ಹೆಮ್ಮೆ.

ಅವನ ನಿಜವಾದ ಉಪಯೋಗ ಬೇರೆಯೇ ಇತ್ತು. ಸೆಲಾಮಳದು ಗುಂಗುರು ಕೂದಲು. ಅದಕ್ಕೆ ಬೈತಲೆ ತೆಗೆದು ಸಣ್ಣ ಸಣ್ಣ ಜಡೆ ಹಾಕುವುದನ್ನು ಬೇಬಿ ಆಂಟಿ ಸಿಲ್ವರ್ ಸ್ಪ್ರಿಂಗ್‌ನ ಒಂದು ಇಥಿಯೋಪಿಯನ್ ಸಲೂನಿನಲ್ಲಿ ಕಲಿಯುತ್ತಿದ್ದರು. ಆಂಟಿ ಡಯಾಲಿಸಿಸ್ ವಾರ್ಡಿನ ನರ್ಸು; ಸೂಜಿ ಹಿಡಿದ ಕೈ ಜಡೆಗೆ ಬಗ್ಗುತ್ತಿರಲಿಲ್ಲ. ಅಭ್ಯಾಸಕ್ಕೆ ತಲೆ ಬೇಕಲ್ಲ? ಅಂಕಲ್‌ದು ಬೋಳು. ಗುಂಗುರು ಕೂದಲಿದ್ದದ್ದು ಬೇಸ್‌ಮೆಂಟಿನಲ್ಲಿ.

"ಅಲುಗಾಡಬೇಡ. ಐದು ವರ್ಷದ ಹುಡುಗಿ ನಿನಗಿಂತ ಸುಮ್ಮನೆ ಕೂರ್ತಾಳೆ."

"ಅವಳಿಗೆ ಸೋಮವಾರ ಸೈಟಿಗೆ ಹೋಗೋದಿರಲ್ಲ ಆಂಟಿ."

"ಹೆಲ್ಮೆಟ್ ಹಾಕ್ಕೋ, ಯಾರಿಗ್ ಕಾಣತ್ತೆ?"

ಹೆಲ್ಮೆಟ್ ತೆಗೆಯದೆ ಊಟ ಮಾಡಿದ್ದಕ್ಕೇ ಮೇಸ್ತ್ರಿಗೆ ಅನುಮಾನ ಬಂತು. ಆಮೇಲೆ ಚರಂಡಿಯ ಆಳದಿಂದಲೂ ನಗು ಕೇಳಿಸಿತು. ಆದರೂ ಮುಂದಿನ ಶನಿವಾರ ಪವನ ತಾನಾಗಿಯೇ ಸ್ಟೂಲು ಎಳೆದುಕೊಂಡು ಕೂತ. ತಲೆಯ ಮೇಲೆ ಆಂಟಿಯ ಬೆರಳಾಡುತ್ತಿದ್ದರೆ ಆ ಮನೆಗೆ ಮಕ್ಕಳು ಬಂದೇ ಬರುತ್ತಾರೆ ಅನ್ನಿಸುತ್ತಿತ್ತು.

ಹದಿಮೂರನೇ ಇಸವಿಯ ಸೆಪ್ಟೆಂಬರಿನಲ್ಲಿ ಕೋರ್ಟಿನ ಕರೆ ಬಂತು. ಮೊದಲ ಸಲ ಹೋದಾಗ ಜಡ್ಜ್ ಮುಂದೆ ನಿಂತು ಒಪ್ಪಿಗೆ ಹೇಳಿ ಬರುವುದು, ಮಕ್ಕಳನ್ನು ಕರೆತರುವುದು ಎರಡನೇ ಸಲ. ಹೊರಡುವ ದಿನ ಆಂಟಿ ಕೈಚೀಲದಲ್ಲಿ ಬಣ್ಣಬಣ್ಣದ ಕ್ಲಿಪ್ಪು ತುಂಬಿಕೊಂಡರು.

ವಾಪಸು ಬಂದಾಗ ಡಲಸ್ ಏರ್‌ಪೋರ್ಟಿಗೆ ಪವನನೇ ಕಾರು ಒಯ್ದ. ಕೈಯಲ್ಲಿ ಬಲೂನು. ಅವರಿಬ್ಬರ ಮುಖ ನೋಡಿದ ಕೂಡಲೇ ಅದನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ಬಲೂನು ಅಡಗುವುದುಂಟೇ, ಅವನ ತಲೆಯ ಮೇಲೆಯೇ ತೇಲುತ್ತ ನಿಂತಿತು.

ಕಾರು ಬೆಲ್ಟ್‌ವೇ ಹೆದ್ದಾರಿ ಸೇರಿತು.

"ಮಕ್ಕಳ ಅಮ್ಮ ಸಹಿ ಹಾಕಿದ್ದಳಲ್ಲ ಬೇಬಿ," ಎಂದರು ಅಂಕಲ್ ಹಿಂದಿನ ಸೀಟಿನಿಂದ. ವಿಮಾನದಲ್ಲೂ ಇದೇ ಮಾತು ನಡೆದಿರಬೇಕು.

"ನನ್ನಮ್ಮನೂ ಹಾಕಿದ್ದಳು. ಹೆಬ್ಬೆಟ್ಟು."

ಆಂಟಿ ಕಿಟಕಿಯ ಕಡೆ ಮುಖ ಮಾಡಿ ಪವನನಿಗೆ ಹೇಳಿದರು. ಕೋರ್ಟಿನ ಹಿಂದಿನ ದಿನ ಮಕ್ಕಳ ತಾಯಿಯನ್ನು ಭೇಟಿ ಮಾಡಿಸಿದ್ದರು. ಚಿಕ್ಕ ಪ್ರಾಯದವಳು. ಸೆಲಾಮಳ ಜಡೆಗೆ ಆಂಟಿ ಹಾಕಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ದುಭಾಷಿಯ ಬಾಯಲ್ಲಿ ಒಂದೇ ಪ್ರಶ್ನೆ ಕೇಳಿಸಿದಳು: ನಿಮ್ಮಲ್ಲಿ ರಜೆ ಯಾವ ತಿಂಗಳು?

"ಏಜೆನ್ಸಿಯವಳು ನಕ್ಕಳು, ಪಾಪ ಏನೋ ಕೇಳ್ತಾಳೆ ಅಂತ. ಇವರಿಗೂ ಏನೂ ಅನ್ನಿಸ್ಲಿಲ್ಲ. ನನಗೆ ಮಾತ್ರ ಗೊತ್ತಾಯ್ತು ಪವನ, ಅವಳು ಮಕ್ಕಳನ್ನ ಓದೋಕೆ ಕಳಿಸ್ತಿದ್ದಾಳೆ ಅಂತ. ಅಪ್ಪ ಸತ್ತ ವರ್ಷ ಅಮ್ಮ ನನ್ನನ್ನ ಮಿಶನ್ ಬೋರ್ಡಿಂಗ್ ಶಾಲೆಗೆ ಬಿಟ್ಟಳು. ಬೀಡಿ ಕಟ್ಟಿ ಮೂರು ಹೊಟ್ಟೆ ತುಂಬಿಸೋಕಾಗ್ತಿರ್ಲಿಲ್ಲ. ಅವಳು ಮೇಟ್ರನಮ್ಮನ್ನ ಕೇಳಿದ್ದೂ ಅದೊಂದೇ. ರಜೆ ಯಾವಾಗ?"

"ಅದು ಬೇರೆ, ಇದು ಬೇರೆ," ಎಂದರು ಅಂಕಲ್.

"ಏಪ್ರಿಲಲ್ಲಿ ಅಮ್ಮ ಬಂದು ಗೇಟಲ್ಲಿ ನಿಂತಾಗ, ನಿನ್ನ ಮಗು ಜರ್ಮನಿಯವರಿಗೆ ದತ್ತು ಹೋಯ್ತು, ಇನ್ನು ಬರಲ್ಲ ಅಂದಿದ್ರೆ?"



ದುಭಾಷಿಯ ಮೂಲಕ ಆಂಟಿ ಆ ತಾಯಿಗೆ ನೇರವಾಗಿ ಹೇಳಿಸಿದ್ದರು: ರಜೆ ಇಲ್ಲ, ತಿರುಗಿ ಕಳಿಸುವುದಿಲ್ಲ, ಇನ್ನು ಮೇಲೆ ಇವರು ನನ್ನ ಮಕ್ಕಳು. ಆ ಹೆಂಗಸು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಯೋನಾಸನನ್ನು ಸೊಂಟಕ್ಕೇರಿಸಿ, ಸೆಲಾಮಳ ಕೈ ಹಿಡಿದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಒಮ್ಮೆ ತಿರುಗಿ ನೋಡಿದವಳು ಸೆಲಾಮ್. ಅವಳನ್ನು ಇನ್ನೊಮ್ಮೆ ಕೂರಿಸಿ ಮಾತಾಡೋಣ, ಒಪ್ಪಬಹುದು ಎಂದಿತು ಏಜೆನ್ಸಿ. ಬೇಬಿ ಆಂಟಿ ಬೇಡ ಎಂದರು.

"ನಾಲ್ಕು ದಿನ ನನ್ನ ತೊಡೆ ಮೇಲೆ ಕೂತಿದ್ದ ಯೋನಾಸ," ಎಂದರು ಅಂಕಲ್. ಅಷ್ಟು ಹೇಳಿ ಅತ್ತರು. ಪವನ ಕನ್ನಡಿಯಲ್ಲಿ ನೋಡಬಾರದೆಂದುಕೊಂಡೂ ನೋಡಿದ, ತಿರುವು ತಪ್ಪಿಸಿಕೊಂಡು ಬಾಲ್ಟಿಮೋರಿನ ಕಡೆಗೆ ಬಹಳ ದೂರ ಹೋಗಿಬಿಟ್ಟ. ಯಾರೂ ಬೈಯಲಿಲ್ಲ.

ಮಂಚ ಬಿಚ್ಚಲು ಅವನು ಸ್ಪ್ಯಾನರ್ ಹಿಡಿದು ಮಹಡಿಗೆ ಹೋದ ದಿನ ಅಂಕಲ್ ಕೆಳಗಿನ ಹಾಸಿಗೆಯಲ್ಲಿ ಕುತ್ತಿಗೆ ಬಗ್ಗಿಸಿಕೊಂಡು ಕೂತಿದ್ದರು. "ಆಮೇಲೆ ನೋಡೋಣ," ಎಂದರು. ಗಂಡ ಹೆಂಡತಿ ಜಗಳವಾಡಲಿಲ್ಲ. ಆಡಿದ್ದರೇ ವಾಸಿ ಅನ್ನಿಸುವಷ್ಟು ಮರ್ಯಾದೆಯಿಂದ ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತಿದ್ದರು. ಶನಿವಾರ ಪವನ ಸ್ಟೂಲಿನ ಮೇಲೆ ಕೂತು, "ಆಂಟಿ, ತಲೆ ಖಾಲಿ ಇದೆ. ಒಳಗೂ, ಹೊರಗೂ," ಎಂದ. ಅವರು ಬಾಚಣಿಗೆ ಹಿಡಿದು ಬೈತಲೆ ತೆಗೆದರು, ಅಷ್ಟಕ್ಕೇ ನಿಲ್ಲಿಸಿ ಕೈ ತೊಳೆಯಲು ಹೋದರು.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ, ಒಂದು ಶಾಲೆಯ ಕೆಫೆಟೇರಿಯಾದಲ್ಲಿ. ಊಟದ ಸಾಲಿನಲ್ಲಿ ಆಂಟಿಯ ಹಿಂದೆ ಕಲಬುರಗಿಯ ಡಾಕ್ಟರ ಹೆಂಡತಿ ಗೌರಾಬಾಯಿ ನಿಂತಿದ್ದರು. ಕೆಟ್ಟವರಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೆ.

"ಬೇಬಿ, ಬ್ಯಾಸರ ಮಾಡ್ಕೋಬ್ಯಾಡವಾ. ಆಕಿ ಬಡವಿ. ನಾಳೆ ಮತ್ತ ಯಾರಿಗರ ಕೊಟ್ಟೇ ಕೊಡ್ತಾಳ. ಅದರ ಬದಲಿ ನೀನ ತಂದಿದ್ರ ಏನಾಗ್ತಿತ್ತು?"

ಪವನ ಚಿತ್ರಾನ್ನದ ಚಮಚ ಹಿಡಿದಲ್ಲೇ ನಿಂತ. ಏನಾದರೂ ತಮಾಷೆ ಹೇಳಿ ಮಾತು ಮರೆಸಬೇಕೆಂದುಕೊಂಡ. ಎಂದೂ ಕೈಕೊಡದ ಅವನ ಪೆದ್ದುತನವೂ ಆಗ ಕೈಕೊಟ್ಟಿತು.

ಬೇಬಿ ಆಂಟಿ ತಟ್ಟೆ ಕೆಳಗಿಟ್ಟು ಗೌರಾಬಾಯಿಯ ಕಡೆ ತಿರುಗಿದರು.

"ಕೊಟ್ಟರೂ ಕೊಡಬಹುದು ಗೌರಕ್ಕ. ನನಗೆ ಕೊಟ್ಟಿರಲಿಲ್ಲ."